ಕುಂಕುಮ ಹಚ್ಚಿದ ಸಾಲು

ಘಣಸೋಲಿ ಗಾಂವ್
18 ಜನವರಿ 2026, ಭಾನುವಾರ

ಪ್ರೀತಿಯ ಪ್ರಿಯಾ,

ನಾವೆಲ್ಲ ಚೆನ್ನಾಗಿದ್ದೇವೆ. ನೀನು, ಮಗಳು ತನ್ವಿ, ನಿನ್ನ ಪಪ್ಪಾ ರಮಾಕಾಂತ ಕಾಕಾ ಠಾಣೆಯ ಕೋಪರಿಯಲ್ಲಿ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಸಂಕ್ರಾಂತಿ ಮುಗಿದು ನಾಲ್ಕು ದಿನವಾಯಿತು. ಹಬ್ಬದ ದಿನ ನಿನಗೆ ಫೋನ್ ಮಾಡದೆ ಇದ್ದದ್ದು ಇದೇ ಮೊದಲು. ಕ್ಷಮಿಸು. ಬರೆಯಲು ಎರಡು ಸಲ ಕೂತೆ, ಎರಡು ಸಲವೂ ಹರಿದೆ. ಇದು ಮೂರನೆಯದು.

ನಿನಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ ಎಂಬುದು ನನಗೆ ಗೊತ್ತಿದೆ. ಕಾಕಾ ಹತ್ತಿರ ಓದಿಸಿಕೋ. ಸಿಟ್ಟಾಗಬೇಡ, ನಿನ್ನನ್ನು ಕಾಡಿಸಲೆಂದು ಹೀಗೆ ಮಾಡಿದ್ದಲ್ಲ. ನಾವಿಬ್ಬರೂ ಮಾತಾಡುವ ಮರಾಠಿಯಲ್ಲಿ ಬರೆದರೆ ಎರಡನೇ ಸಾಲಿಗೇ ಜಗಳ ಶುರುವಾಗುತ್ತದೆ. ಕನ್ನಡ ಬರೆಯಲು ನಾನು ಕಲಿತದ್ದು ಕಾಕಾ ತರುತ್ತಿದ್ದ ದಿನಪತ್ರಿಕೆಗಳಿಂದ. ನಡೆದದ್ದನ್ನು ನಡೆದಂತೆ ಹೇಳಲು ನನಗೆ ಈ ಭಾಷೆಯೇ ಸಲೀಸು.

ಮೊದಲು ಊರ ಸುದ್ದಿ. ಅಪ್ಪ ವಾಶಿ ಮಾರ್ಕೆಟ್‌ನಲ್ಲಿ ಮೂಟೆ ಹೊರುವುದನ್ನು ಪೂರ್ತಿ ಬಿಟ್ಟ. ಮೊಣಕಾಲು ಕೇಳುವುದಿಲ್ಲ. ಈಗ ಒಂದು ಈರುಳ್ಳಿ ಗೋದಾಮಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾನೆ. 'ಚಂದ್ರಾಮಣ್ಣ ಈಗ ಸಾಹೇಬ ಆಗ್ಯಾನ' ಎಂದು ಹಳೆಯ ಹಮಾಲರು ರೇಗಿಸುತ್ತಾರಂತೆ. ತಮ್ಮ ರೇವಣಸಿದ್ದನಿಗೆ ಏರೋಲಿಯಲ್ಲಿ ಕೆಲಸ ಕಾಯಂ ಆಯಿತು. ನನ್ನ ಲ್ಯಾಬ್ ಹಾಗೆಯೇ ಇದೆ. ದಿನಕ್ಕೆ ಮುನ್ನೂರು ರಕ್ತದ ಬಾಟಲಿಗೆ ಚೀಟಿ ಅಂಟಿಸುತ್ತೇನೆ. ಹೆಸರಿಲ್ಲದ ಬಾಟಲಿ ಬಂದರೆ ಅದನ್ನು ಪರೀಕ್ಷೆಗೆ ಕಳಿಸುವಂತಿಲ್ಲ, ಯಾರದ್ದೆಂದು ಊಹಿಸುವಂತೆಯೂ ಇಲ್ಲ. ಚೆಲ್ಲುವುದೊಂದೇ ದಾರಿ.

ಈಗ ವಿಷಯಕ್ಕೆ ಬರುತ್ತೇನೆ. ಹೋದ ಶನಿವಾರದ ಹಿಂದಿನ ಶನಿವಾರ, ಹತ್ತನೇ ತಾರೀಖು, ನಿಮ್ಮ ಕಾಂಪ್ಲೆಕ್ಸಿನ ಸಭಾಗೃಹದಲ್ಲಿ ನೀನು ಹೇಳಿದ ಮಾತಿನ ಬಗ್ಗೆ. ಆದರೆ ಅದಕ್ಕೂ ಮೊದಲು ನನಗೆ ನೆನಪಿರುವುದನ್ನು ಬರೆಯುತ್ತೇನೆ. ತಪ್ಪಿದ್ದರೆ ತಿದ್ದು.

ಅವ್ವ ಕೋಪರಖೈರಣೆಯ ನಿಮ್ಮ ಮನೆಗೆ ಪಾತ್ರೆ ತಿಕ್ಕಲು ಬಂದದ್ದು 2003ರ ದೀಪಾವಳಿಯ ನಂತರ. ಮುಂದಿನ ಸಂಕ್ರಾಂತಿಗೆ ಒಂದು ಸಣ್ಣ ಸ್ಟೀಲ್ ಡಬ್ಬಿ ತಂದಳು. ಮುಚ್ಚಳ ತೆಗೆದಾಗ ನಿನ್ನ ಅಮ್ಮ, ನಮ್ಮ ಸುಗಂಧಿ ಕಾಕು, ಬಗ್ಗಿ ನೋಡಿದರು.

"ಇದೆಂತದು ಭೀಮಮ್ಮ, ಸಾಬಕ್ಕಿಯಾ?"

"ಸಾಬಕ್ಕಿ ಅಲ್ರಿ ಬಾಯಾರ, ಕುಸುರೆಳ್ಳು. ಎಳ್ಳಿಗೆ ಸಕ್ಕರಿ ಮುಳ್ಳು ಬರಸೂದು. ಬಾಯಾಗ ಹಾಕ್ಕೊಂಡು ನೋಡ್ರಿ."

ಕಾಕು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡರು. ಆಮೇಲೆ ಒಂದು ಹಿಡಿ. "ನಮ್ಮ ಉಡುಪಿಯಲ್ಲಿ ಇದೆಲ್ಲ ಇಲ್ಲ ಮಾರಾಯ್ತಿ. ಅಲ್ಲಿ ಸಂಕ್ರಾಂತಿಗೂ ಬೆವರು. ನಿನಗೆ ಯಾರು ಕಲಿಸಿದ್ದು?"

"ನಮ್ಮವ್ವನ ಅವ್ವ. ಸಿಂದಗಿ ಕಡೆ ನಮ್ಮ ಮನ್ಯಾಗ ಎಲ್ಲಾರೂ ಮಾಡ್ತಾರ್ರಿ."

ಅಲ್ಲಿ ನಾಲ್ಕು ಜನ ಇದ್ದೆವು. ಅವ್ವ, ಕಾಕು, ಬಾಗಿಲಿಗೆ ಒರಗಿ ನಾನು, ಡಬ್ಬಿಗೆ ಕೈ ಹಾಕುತ್ತ ನೀನು. ನನಗಾಗ ಹತ್ತು, ನಿನಗೂ ಹತ್ತು.

ಮುಂದಿನ ಚಳಿಗಾಲದಿಂದ ನಿಮ್ಮ ಬಾಲ್ಕನಿಯಲ್ಲೇ ಮಾಡಲು ಶುರು. ಇದ್ದಿಲ ಶೇಗಡಿ ಒಲೆಯ ಮೇಲೆ ಅಗಲ ತಟ್ಟೆಯಂಥ ಹಿತ್ತಾಳೆ ಪರಾತ. ಪರಾತದಲ್ಲಿ ಒಂದು ಹಿಡಿ ತೊಳೆದ ಬಿಳಿ ಎಳ್ಳು. ಪಕ್ಕದಲ್ಲಿ ಹಾಲು ಹಾಕಿ ಕೊಳೆ ತೆಗೆದ ತೆಳು ಪಾಕ. ಚಮಚದಿಂದ ಕೆಲವೇ ಹನಿ ಬಿಡುವುದು, ಬೆರಳ ತುದಿಯಿಂದ ಒಂದೇ ಸಮ ಉಜ್ಜುತ್ತಿರುವುದು. ಒಣಗಿದ ಮೇಲೆ ಮತ್ತೆ ಕೆಲವು ಹನಿ. ಮುಳ್ಳು ಒಡೆಯಲು ಐದಾರು ಮುಂಜಾನೆ ಬೇಕು. ಗಾಳಿ ತೇವವಿದ್ದರೆ ಸಕ್ಕರೆ ಜಿನುಗಿ ಎಲ್ಲ ಅಂಟು. ಇಲ್ಲಿ ಉತ್ತರದ ಒಣಗಾಳಿ ಬೀಸುವುದು ಚಳಿಗಾಲದ ಎಣಿಸಿದಷ್ಟು ದಿನ ಮಾತ್ರ. ಅವ್ವ ಬಾಲ್ಕನಿಗೆ ಬಂದು ತುಟಿಯನ್ನು ನಾಲಿಗೆಯಿಂದ ಸವರಿಕೊಂಡು, ತುಟಿ ಬಿರಿದಿದ್ದರೆ "ಇವತ್ತ ಕೂಡ್ರಬಹುದು" ಎನ್ನುತ್ತಿದ್ದಳು.

ನೀನು ನಿದ್ದೆಗಣ್ಣಲ್ಲಿ ಬಂದು ಪರಾತದ ಎದುರು ಕೂರುತ್ತಿದ್ದೆ. ಒಂದು ದಿನ ಅವ್ವ ನೀರು ಕುಡಿಯಲು ಎದ್ದಾಗ ಇಡೀ ಚಮಚ ಪಾಕವನ್ನು ಒಮ್ಮೆಗೇ ಸುರಿದೆ. ನಾಲ್ಕು ದಿನದ ಕೆಲಸ ಒಂದು ಬಿಳಿ ಗಡ್ಡೆಯಾಯಿತು. ಕಾಕು ಬಂದು ಕೇಳಿದಾಗ ಅವ್ವ, "ನನ್ನ ಕೈ ಜಾರಿತ್ರಿ" ಎಂದಳು. ಬೈಸಿಕೊಂಡಳು. ನೀನು ಅವಳ ಸೆರಗು ಹಿಡಿದು ನಿಂತಿದ್ದೆ. ಆ ತಪ್ಪು ಇವತ್ತಿಗೂ ನಿಮ್ಮ ಮನೆಯಲ್ಲಿ ಅವ್ವನ ಹೆಸರಿಗೇ ಇದೆ.

ಅವ್ವನ ಜೊತೆ ನಿಮ್ಮ ಮನೆಗೆ ಬರುತ್ತಿದ್ದ ಮುಂಜಾನೆಗಳಲ್ಲೇ, ಮೊದಲ ವರ್ಷದಿಂದಲೇ, ಕಾಕಾ ನನಗೆ ಅಕ್ಷರ ಕಲಿಸಿದರು. ಅವರು ಪತ್ರಿಕೆಯಲ್ಲಿ ಉಪಸಂಪಾದಕರು, ಪಾಳಿ ಇದ್ದದ್ದು ಸಂಜೆ. ಮುಂಜಾನೆ ಕೆಂಪು ಪೆನ್ನು ಹಿಡಿದು ಅಂದಿನ ಸಂಚಿಕೆಯ ತಪ್ಪು ಗುರುತು ಮಾಡುತ್ತ ಕೂತಿರುತ್ತಿದ್ದರು. ನಾನು ಮುನಿಸಿಪಾಲಿಟಿಯ ಮರಾಠಿ ಶಾಲೆಯವಳು. "ಬಾ ಇಲ್ಲಿ, ಇದನ್ನು ಓದು," ಎಂದು ತಲೆಬರಹದ ಮೇಲೆ ಬೆರಳಿಡುತ್ತಿದ್ದರು. ಒಂದು ಒತ್ತು ತಪ್ಪಿದರೂ ಬಿಡುತ್ತಿರಲಿಲ್ಲ. "ಯಾರು, ಏನು, ಎಲ್ಲಿ, ಯಾವಾಗ. ಈ ನಾಲ್ಕು ಸರಿ ಇದ್ದರೆ ಅದು ಸುದ್ದಿ. ಒಂದು ತಪ್ಪಿದರೂ ಅದು ಗಾಳಿಮಾತು," ಎನ್ನುತ್ತಿದ್ದರು.

ಸಂಕ್ರಾಂತಿ ಬಂದರೆ ಕಾಕಾ ಒಂದು ವಿಷಯಕ್ಕೆ ತಪ್ಪದೆ ಸಿಟ್ಟಾಗುತ್ತಿದ್ದರು. 'ಇಂದು ಸೂರ್ಯ ಉತ್ತರಕ್ಕೆ ತಿರುಗುತ್ತಾನೆ' ಎಂದು ಯಾರಾದರೂ ಬರೆದರೆ ಕೆಂಪು ಗೆರೆ. ಹಗಲು ಬೆಳೆಯಲು ಶುರುವಾಗುವುದು ಡಿಸೆಂಬರ್ ಇಪ್ಪತ್ತೊಂದು ಇಪ್ಪತ್ತೆರಡಕ್ಕೇ. ಒಂದು ಕಾಲಕ್ಕೆ ಎರಡೂ ಒಂದೇ ದಿನ ಬರುತ್ತಿದ್ದವು, ಸುಮಾರು ಎಪ್ಪತ್ತು ವರ್ಷಕ್ಕೆ ಒಂದು ದಿನದಂತೆ ಹಬ್ಬ ಸರಿಯುತ್ತ ಸರಿಯುತ್ತ ಇಲ್ಲಿಗೆ ಬಂತು. ಪಂಚಾಂಗ ಮತ್ತು ಒಂದು ಕಿತ್ತಳೆ ಹಣ್ಣು ಇಟ್ಟುಕೊಂಡು ನಮ್ಮಿಬ್ಬರಿಗೂ ತೋರಿಸಿದ್ದರು. "ಹಬ್ಬ ಮಾಡಿ, ಸಂತೋಷ. ಆದರೆ ಎಲ್ಲಿಂದ ಬಂತು ಎಂದು ಹೇಳುವಾಗ ಸುಳ್ಳು ಹೇಳಬೇಡಿ." ಕಿತ್ತಳೆಯನ್ನು ಆಮೇಲೆ ನೀನೇ ತಿಂದೆ.

ಈಗ ಹತ್ತನೇ ತಾರೀಖು.

ಡಿಸೆಂಬರ್ ಮೊದಲ ವಾರ ನೀನು ಫೋನ್ ಮಾಡಿ, "ನಮ್ಮ ಕಾಂಪ್ಲೆಕ್ಸಲ್ಲಿ ವಿಂಟರ್ ಫೆಸ್ಟಿವಲ್ ಇದೆ ಮಾಲಾ, ಭೀಮಾ ಮೌಶಿಯ ಕುಸುರೆಳ್ಳು ಬೇಕೇ ಬೇಕು. ಅವಳನ್ನು ಕರೆದುಕೊಂಡು ಬಾ, ಸ್ಟೇಜ್ ಹತ್ತಿಸೋಣ," ಎಂದೆ. ಅವ್ವನಿಗೆ ಹೇಳಿದೆ. ಅವಳಿಗೆ ಈಗ ಅರವತ್ತೊಂದು. ಎಡಗೈ ಹೆಬ್ಬೆರಳಿನ ಗಂಟು ಬಾತುಕೊಂಡಿದೆ. ಆದರೂ ಮೂರು ವಾರ ಕೂತು ಎರಡು ಕಿಲೋ ಮಾಡಿದಳು, ಅರ್ಧ ಬಿಳಿ, ಅರ್ಧ ಕೇಸರಿ. ತನ್ವಿಯ ತಲೆಗೆ ಬೋರೆಹಣ್ಣು ಸುರಿದ ಬೋರನ್ಹಾಣದಲ್ಲಿ ಅವಳಿಗೆ ಕುಸುರೆಳ್ಳಿನ ಸರ, ಬಳೆ ಮಾಡಿ ಹಾಕಿದ್ದಳಲ್ಲ, ಅಂಥದ್ದೇ ಒಂದು ಸರವನ್ನು ನಿನಗೂ ಮಾಡಿದಳು. "ಸ್ಟೇಜಿನ ಮ್ಯಾಲ ಹಾಕ್ಕೊಳ್ಳಲಿ" ಎಂದಳು. ಪೆಟ್ಟಿಗೆಯಿಂದ ಕಪ್ಪು ಇಳಕಲ್ ಸೀರೆ ತೆಗೆದಳು. ಹಬ್ಬಕ್ಕೆ ಕಪ್ಪೇ ಎಂದು ಮೊದಲ ವರ್ಷ ಕಾಕು ಹೌಹಾರಿದ್ದು, ಇಲ್ಲಿಯ ಮರಾಠಿ ಹೆಂಗಸರೆಲ್ಲ ಸಂಕ್ರಾಂತಿಗೆ ಕಪ್ಪನ್ನೇ ಉಡುತ್ತಾರೆ, ಚಳಿಗೆ ಬೆಚ್ಚಗಿರುತ್ತದೆ ಎಂದು ಅವ್ವ ಹೇಳಿದ್ದು, ದಾರಿಯುದ್ದಕ್ಕೂ ನೆನೆಸಿಕೊಂಡು ನಕ್ಕಳು.

ಸಭಾಗೃಹದ ಮೂಲೆಯಲ್ಲಿ ಕ್ರಿಸ್‌ಮಸ್ ಗಿಡ ಇನ್ನೂ ಇತ್ತು. ಅದರ ನಕ್ಷತ್ರ ತೆಗೆದು ಗಾಳಿಪಟ ತೂಗಿಸಿದ್ದಿರಿ. ಹಿಂದಿನ ಬ್ಯಾನರ್ ಮೇಲೆ 'ಚಳಿಗಾಲದ ಹಬ್ಬಗಳು: ಮೂಲ ಮತ್ತು ಇಂದಿನ ಅರ್ಥ' ಎಂದು ಮರಾಠಿಯಲ್ಲಿತ್ತು. ಒಬ್ಬರು ಲೋಹ್ರಿಯ ಬೆಂಕಿಯ ಬಗ್ಗೆ ಮಾತಾಡಿದರು, ಒಬ್ಬ ಟೀಚರ್ ಪ್ಲಮ್ ಕೇಕಿನ ಬಗ್ಗೆ. ಆಮೇಲೆ ನೀನು. ಮೇಜಿನ ಮೇಲೆ ಅವ್ವನ ಕುಸುರೆಳ್ಳಿನ ತಟ್ಟೆ. ಅದರ ಹಿಂದೆ ಸುಗಂಧಿ ಕಾಕು ಅವರ ಹಾರ ಹಾಕಿದ ಫೋಟೋ. ನಾನೂ ಕೈ ಮುಗಿದೆ. ಅವರ ಬಗ್ಗೆ ನನಗೆ ಬೇಸರವಿಲ್ಲ.

ನೀನು ಹೇಳಿದ್ದು ನನಗೆ ಬಾಯಿಪಾಠವಾಗಿದೆ. "ಯೇ ಹಮಾರೇ ಉಡುಪಿ ಕೀ ಹಜಾರ್ ಸಾಲ್ ಪುರಾನೀ ಪರಂಪರಾ ಹೈ. ಮೇರೀ ದಾದೀ ನೇ ಮೇರೀ ಮಮ್ಮೀ ಕೋ ಸಿಖಾಯಾ, ಮಮ್ಮೀ ನೇ ಮುಝೇ." ಉಡುಪಿಯ ಸಾವಿರ ವರ್ಷದ ಪರಂಪರೆ, ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ನಿನಗೆ ಬಂದದ್ದು ಎಂದಾಗ ಜನ ಚಪ್ಪಾಳೆ ತಟ್ಟಿದರು. ಇಂದಿನ ಅರ್ಥವೆಂದರೆ ನಮ್ಮ ನಮ್ಮ ಬೇರಿಗೆ ಮರಳುವುದು ಎಂದೆ. ಆಮೇಲೆ ನಮ್ಮ ಕಡೆ ಕೈ ಮಾಡಿ, "ಔರ್ ಯೇ ಹೈ ಹಮಾರೀ ಭೀಮಾ ಮೌಶೀ, ಹಮಾರೀ ಹೆಲ್ಪರ್. ಮೌಶೀ, ಸಬ್ ಕೋ ಬಾಂಟ್ ದೀಜಿಯೇ."

ಸ್ಟೇಜ್ ಹತ್ತಲೆಂದು ಆಗಲೇ ಎದ್ದು ನಿಂತಿದ್ದ ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ತಟ್ಟೆ ಎತ್ತಿಕೊಂಡಳು. ಇನ್ನೂರು ಜನಕ್ಕೆ ಹಂಚಿದಳು. ಮೊದಲ ಸಾಲಿನಲ್ಲಿ ಕಾಕಾ ಇದ್ದರು. ಅವರು ತಲೆ ಎತ್ತದೆ ಅಂಗೈ ಚಾಚಿದರು. ನಿನಗೆಂದು ಮಾಡಿದ ಸರ ನನ್ನ ಬ್ಯಾಗಿನಲ್ಲೇ ಉಳಿಯಿತು. ಈಗಲೂ ಡಬ್ಬಿಯಲ್ಲಿದೆ.

ಠಾಣೆಯಿಂದ ಹತ್ತಿದ ಲೋಕಲ್ ಗಾಡಿ ರಬಾಳೆಗೆ ಬಂದಾಗ ಅವ್ವ ಕೇಳಿದಳು:

"ಮಾಲಾ, ಪ್ರಿಯಾನ ಅಜ್ಜಿಗೂ ಬರ್ತಿತ್ತೇನ ಕುಸುರೆಳ್ಳು?"

"ಇಲ್ಲವ್ವ."

"ಯಾರಿಗ್ಗೊತ್ತು. ಉಡುಪ್ಯಾಗೂ ಮಾಡ್ತಿರಬೇಕು ಬಿಡು."

"ಉಡುಪಿಯೊಳಗ ಸಂಕ್ರಾಂತಿಗೂ ಬೆವರು ಬರ್ತೈತಿ ಅಂತ ಕಾಕುನ ಹೇಳಿದ್ರಲ್ಲ. ಬೆವರಿನ್ಯಾಗ ಮುಳ್ಳು ಹ್ಯಾಂಗ ಒಡಿತಾವು?"

"ಹೌದಲ್ಲ," ಎಂದಳು. ಘಣಸೋಲಿಯಲ್ಲಿ ಇಳಿದು ಬ್ರಿಜ್ ಹತ್ತುವಾಗ ಕೈಗಂಬಿ ಹಿಡಿದು ನಿಂತು, "ಹೆಲ್ಪರ್ ಅಂದ್ರ ಏನು, ನೀ ಹೇಳೂದು ಬ್ಯಾಡ, ನನಗ ಗೊತ್ತೈತಿ. ಬಿಲ್ಡಿಂಗ್ ಕೆಲಸದಾಗ ಸಿಮೆಂಟ್ ಕಲಸವ್ರು," ಎಂದಳು.

ಮರುದಿನ ನಾನು ನಿನಗೆ ಫೋನ್ ಮಾಡಿದೆ. ನೀನು ನಗುತ್ತಲೇ ಮಾತಾಡಿದೆ. "ಅರೇ ಯಾರ್, ಇಷ್ಟು ಚಿಕ್ಕ ವಿಷಯಕ್ಕೆ? ಸ್ಟೇಜಲ್ಲಿ ಒಂದು ಸ್ಟೋರಿ ಬೇಕಾಗುತ್ತೆ. ದಾದೀ ಅಂದ್ರೆ ಜನ ಕೇಳ್ತಾರೆ, ಬಾಯಿ ಅಂದ್ರೆ ಯಾರು ಕೇಳ್ತಾರೆ?" ಕೆಲಸದವಳನ್ನು ಇಲ್ಲಿ ಬಾಯಿ ಎನ್ನುತ್ತಾರೆ ಎಂಬುದು ನನಗೆ ಗೊತ್ತು. ಆಮೇಲೆ ನೀನು ಹೇಳಿದೆ: "ನಾನೇನು ಸುಳ್ಳು ಹೇಳಿಲ್ಲ. ಪಪ್ಪಾನ ಪೇಪರ್‌ನಲ್ಲಿ 2005ರಲ್ಲೇ ಕುಸುರೆಳ್ಳಿನ ಲೇಖನ ಬಂದಿದೆ, ಅಮ್ಮನ ಹೆಸರಲ್ಲಿ. ನನ್ನ ಹತ್ತಿರ ಸ್ಕ್ಯಾನ್ ಇದೆ. ಪ್ರಿಂಟ್ ಆಗಿದೆ ಅಂದ್ರೆ ಪ್ರೂಫ್ ನಾ?"

ಅದಕ್ಕೆ ನಾನು ಉತ್ತರಿಸದೆ ಫೋನ್ ಇಟ್ಟೆ. ನನಗೆ ಉತ್ತರ ಗೊತ್ತಿರಲಿಲ್ಲ ಎಂದು ನೀನು ತಿಳಿದಿರಬೇಕು.

ಪ್ರಿಯಾ, ಬೇರೆ ಯಾರಾದರೂ ಹೀಗೆ ಹೇಳಿದ್ದರೆ, ತಿಳಿಯದೆ ಹೇಳಿದರು ಎಂದುಕೊಳ್ಳುತ್ತಿದ್ದೆ. ನೀನು ಆ ಡಬ್ಬಿಗೆ ಕೈ ಹಾಕಿದವಳು. ಪಾಕ ಸುರಿದು ಅವ್ವನ ಸೆರಗಿನ ಹಿಂದೆ ಅಡಗಿದವಳು. ಎಲ್ಲವನ್ನೂ ನೋಡಿ, ಎಲ್ಲ ನೆನಪಿದ್ದೂ, ಅವಳ ಎದುರಿಗೇ ಮೈಕ್ ಹಿಡಿದು ಹೇಳಿದೆ. ನನಗೆ ಅಕ್ಕ ತಂಗಿಯರಿಲ್ಲ, ಆ ಜಾಗದಲ್ಲಿ ನಿನ್ನನ್ನು ಇಟ್ಟುಕೊಂಡಿದ್ದೆ. ಹತ್ತನೇ ತಾರೀಖಿನಿಂದ ಆ ಜಾಗಕ್ಕೆ ಕೈ ಹೋದಾಗಲೆಲ್ಲ ಏನೂ ಸಿಗುತ್ತಿಲ್ಲ.

ಒಂದು ಹಬ್ಬದ ಮೂಲ ಹುಡುಕಲು ಸಾವಿರ ವರ್ಷ ಹಿಂದೆ ಹೋಗಬೇಕಾಗಬಹುದು. ಸೂರ್ಯ, ಸುಗ್ಗಿ, ಚಳಿಗೆ ಎಳ್ಳಿನ ಎಣ್ಣೆಯಂಶ, ಇವೆಲ್ಲ ಪುಸ್ತಕದಲ್ಲಿ ಸಿಗುತ್ತವೆ. ಆದರೆ ನಿಮ್ಮ ಮನೆಯ ಕುಸುರೆಳ್ಳಿನ ಮೂಲಕ್ಕೆ ಅಷ್ಟು ದೂರ ಹೋಗಬೇಕಿರಲಿಲ್ಲ. ಅದು ಕಪ್ಪು ಸೀರೆ ಉಟ್ಟು ಮೂರನೇ ಸಾಲಿನಲ್ಲಿ ಕೂತಿತ್ತು.

ನಾನು ಕೇಳುವುದು ಒಂದೇ. ರಥಸಪ್ತಮಿವರೆಗೆ ಎಳ್ಳು ಕೊಡಬಹುದು, ನಿನಗೆ ಗೊತ್ತು. ಈ ಸಲ ಅದು ಬರುವ ಭಾನುವಾರ, ಇಪ್ಪತ್ತೈದಕ್ಕೆ. ತನ್ವಿಯನ್ನು ಕರೆದುಕೊಂಡು ಬಾ. ಸ್ಟೇಜ್ ಬೇಡ, ಮೈಕ್ ಬೇಡ, ಕ್ಷಮೆಯೂ ಬೇಡ. ಅವ್ವನ ಎದುರು ಕೂತು, ಇದನ್ನು ನಮಗೆ ಕಲಿಸಿದ್ದು ಯಾರು ಎಂದು ಮಗಳಿಗೆ ಹೇಳು. ತನ್ವಿಗೆ ಐದು ವರ್ಷ. ಈಗ ಕೇಳಿದ್ದನ್ನು ಅವಳು ಮುಂದೆ ಇನ್ಯಾರಿಗೋ ಹೇಳುತ್ತಾಳೆ. ನೀನು ಬಂದರೆ ಆ ಸರ ನಿನ್ನದು. ಬರದಿದ್ದರೆ ನಾನು ಮತ್ತೆ ಬರೆಯುವುದಿಲ್ಲ.

ತನ್ವಿಗೆ ಅವ್ವನ ಆಶೀರ್ವಾದ. ಚಳಿಗೆ ಅವಳ ಕೆಮ್ಮು ಹೆಚ್ಚಾಗಿತ್ತಲ್ಲ, ಎದೆಗೆ ಬಿಸಿ ಎಳ್ಳೆಣ್ಣೆ ಹಚ್ಚಲು ಹೇಳಿದ್ದಾಳೆ. ಇದು ಇವತ್ತು ಮುಂಜಾನೆ ಹೇಳಿದ್ದು, ಎಲ್ಲ ಆದ ಮೇಲೆ. ನಿಮ್ಮ ಮನೆ ತಣ್ಣಗಿರಲಿ.

ನಿನ್ನ
ಮಾಲಾ

ತಾ.ಕ.: ಕಾಕಾ, ಇಲ್ಲಿಯವರೆಗೆ ಓದಿದ ದನಿ ನಿಮ್ಮದು. ಇನ್ನು ಮುಂದಿನದು ನಿಮಗೇ. ಆದರೆ ನಿಲ್ಲಿಸಬೇಡಿ, ಪ್ರಿಯಾ ಕೇಳಲಿ.

2005ರ ಜನವರಿ ಹದಿನಾಲ್ಕರ ಆ ಲೇಖನವನ್ನು ಕಾಕು ಅವರ ಹೆಸರಲ್ಲಿ ಬರೆದದ್ದು ನೀವು. ಬಾಲ್ಕನಿಯಲ್ಲಿ ಕೂತು ಬರೆದಿರಿ, ನನ್ನಿಂದಲೇ ಓದಿಸಿದಿರಿ. ನಿಮ್ಮ ಕೈಬರಹದಲ್ಲಿ ಅವ್ವನ ಹೆಸರಿತ್ತು. ಅಚ್ಚಾಗಿ ಬಂದಾಗ ಇರಲಿಲ್ಲ. ಜಾಗ ಸಾಲದೆ ಹೋಗಿರಬಹುದು. ಭೀಮಮ್ಮ ಚಂದ್ರಾಮ, ಆರು ಅಕ್ಷರ.

ಅಂದು ಮುಂಜಾನೆ ಹಾಳೆಯನ್ನು ಅವ್ವನ ಕೈಗೆ ಕೊಟ್ಟು, ಒಂದು ಸಾಲಿನ ಮೇಲೆ ಬೆರಳಿಟ್ಟು, "ನೋಡು ಭೀಮಮ್ಮ, ನಿನ್ನ ವಿಷಯ ಬಂದಿದೆ," ಎಂದಿರಿ. ಓದು ಬಾರದ ಅವ್ವ ನನ್ನ ಕಡೆ ತಿರುಗಿ, "ಓದವ್ವ, ಏನಂತ ಬರದಾರ?" ಎಂದಳು. ನೀವು ಬೆರಳಿಟ್ಟ ಸಾಲಿನಲ್ಲಿ ಇದ್ದದ್ದು ಇಷ್ಟು: 'ಒಲೆಯ ಮುಂದೆ ಕೂರಲು ಕೆಲಸದವಳೊಬ್ಬಳು ಸಿಕ್ಕರೆ ಇನ್ನೂ ಸುಲಭ.' ನಾನು ನಿಮ್ಮ ಮುಖ ನೋಡಿದೆ. ಆಮೇಲೆ ಓದಿದೆ: 'ಇದನ್ನು ನಮಗೆ ಕಲಿಸಿದವರು ಭೀಮಮ್ಮ ಚಂದ್ರಾಮ.' ನೀವು ಕೇಳಿಸಿಕೊಂಡಿರಿ. ನನ್ನ ಒಂದು ಒತ್ತಕ್ಷರವನ್ನೂ ತಿದ್ದದೆ ಬಿಡದವರು ಅಂದು ಮಾತ್ರ ತಿದ್ದಲಿಲ್ಲ. ಕನ್ನಡಕ ಒರೆಸಿಕೊಂಡಿರಿ. ನನಗೆ ಆಗ ಹನ್ನೊಂದು.

ಆ ಹಾಳೆ ನಮ್ಮ ಪೆಟ್ಟಿಗೆಯಲ್ಲಿದೆ. ಪ್ರತಿ ಸಂಕ್ರಾಂತಿಗೆ ಅವ್ವ ಅದನ್ನು ದೇವರ ಮುಂದೆ ಇಟ್ಟು, ನೀವು ಬೆರಳಿಟ್ಟ ಸಾಲಿಗೆ ಕುಂಕುಮ ಹಚ್ಚಿ, "ಓದು" ಎನ್ನುತ್ತಾಳೆ. ಇಪ್ಪತ್ತೊಂದು ವರ್ಷ ಓದಿದ್ದೇನೆ, ಅಂದು ಓದಿದಂತೆಯೇ. ಕುಂಕುಮ ಕೂತು ಕೂತು ಅಲ್ಲಿನ ಅಕ್ಷರ ಈಗ ಕಾಣಿಸುವುದೂ ಇಲ್ಲ. ಈ ಬುಧವಾರ ಅವ್ವ ಓದಲು ಹೇಳಲಿಲ್ಲ. ಹಾಳೆಯನ್ನು ನನ್ನ ಕೈಗಿಟ್ಟು, "ಇದರ ಫೋಟೋ ತಗದು ಪ್ರಿಯಾಗ ಕಳಸು. ಮರ್ತಾಳ ಹುಡುಗಿ. ಸಾಹೇಬ್ರು ಬರದದ್ದು ನೋಡಿದ್ರ ನೆನಪಾಗ್ತೈತಿ," ಎಂದಳು.

ಪ್ರಿಯಾ ತನ್ನ ಪ್ರೂಫ್ ಎಂದದ್ದೂ ಅವ್ವ ತನ್ನ ಪ್ರೂಫ್ ಎಂದು ಕೊಟ್ಟದ್ದೂ ಒಂದೇ ಹಾಳೆ. ನಾನು ಯಾವುದನ್ನು ಕಳಿಸಲಿ ಕಾಕಾ? ಕಳಿಸಿದ್ದೇನೆ ಎಂದು ಅವ್ವನಿಗೆ ಹೇಳಿದ್ದೇನೆ. ಅವಳು ಉತ್ತರಕ್ಕೆ ಕಾಯುತ್ತಿದ್ದಾಳೆ.

ಪತ್ರಿಕೆಯಲ್ಲಿ ತಪ್ಪಾದರೆ ಮರುದಿನ ಅದೇ ಪುಟದ ಕೆಳಗೆ ತಿದ್ದುಪಡಿ ಹಾಕುತ್ತೀರಿ ಎಂದು ನೀವೇ ಹೇಳಿಕೊಟ್ಟದ್ದು. ಇಪ್ಪತ್ತೊಂದು ವರ್ಷ ತಡವಾಗಿದೆ. ನಾನೇ ಬರೆದಿದ್ದೇನೆ. ಇಲ್ಲದ ಹೆಸರನ್ನು ನಾನು ಇಷ್ಟು ಸಲ ಓದಿದೆ, ಇರುವ ಹೆಸರನ್ನು ನೀವು ಒಂದು ಸಲ ಓದಿ. ಪ್ರಿಯಾಗೆ ಕೇಳಿಸುವಂತೆ, ಜೋರಾಗಿ.

ತಿದ್ದುಪಡಿ: 14 ಜನವರಿ 2005ರಂದು ಪ್ರಕಟವಾದ ಲೇಖನದಲ್ಲಿ ಹೇಳಿದ ಕುಸುರೆಳ್ಳನ್ನು ಆ ಮನೆಗೆ ತಂದವರು, ಮಾಡಿದವರು, ಕಲಿಸಿದವರು ಭೀಮಮ್ಮ ಚಂದ್ರಾಮ, ಘಣಸೋಲಿ.